ಒಂದೇ ಅಡಕೆ ಪಟ್ಟಿ, ಮೂರು ಬಗೆಯ ಓದು

ಹಂಗಾಮಿನ ದಿನಗಳಲ್ಲಿ ಶಿರಸಿಯ ಅಡಕೆ ಮಾರುಕಟ್ಟೆಯ ಅಂಗಳಕ್ಕೆ ಹೋದರೆ ಕೆಲಸದ ಕ್ರಮ ಕಣ್ಣಿಗೆ ಕಾಣುವಂತಿರುತ್ತದೆ. ತೋಟಿಗರು ತಂದ ಚೀಲಗಳನ್ನು ಹಮಾಲರು ಇಳಿಸುತ್ತಾರೆ, ತೂಕವಾಗುತ್ತದೆ, ಅಡಕೆಯ ಬಗೆ ಚಾಲಿಯೋ ರಾಶಿಯೋ ಬೆಟ್ಟೆಯೋ ಬಿಳೆಗೋಟೋ ಎಂಬುದು ನಿರ್ಧಾರವಾಗಿ ಲಾಟಿಗೆ ಒಂದು ಸಂಖ್ಯೆ ಬೀಳುತ್ತದೆ. ವ್ಯಾಪಾರಿ ಬಂದು ಒಂದು ಹಿಡಿ ಎತ್ತಿ, ಒಂದೆರಡು ಅಡಕೆಯನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ, ಮನಸ್ಸಿನಲ್ಲೇ ದರ ಕಟ್ಟುತ್ತಾನೆ. ಟೆಂಡರು ಮುಗಿದ ಮೇಲೆ ತೋಟಿಗನ ಕೈಗೆ ಪಟ್ಟಿ ಬರುತ್ತದೆ: ಇಷ್ಟು ಕ್ವಿಂಟಲ್, ಇಷ್ಟು ದರ, ಹಮಾಲಿ ಇಷ್ಟು, ಸಾಲಕ್ಕೆ ಜಮಾ ಇಷ್ಟು, ಉಳಿದದ್ದು ಇಷ್ಟು. ನಮ್ಮ ಮನೆಯಲ್ಲಿ ತಂದೆಯವರು ಇಂಥ ಪಟ್ಟಿಗಳನ್ನು ಬಾಗಿಸಿದ ತಂತಿಗೆ ಚುಚ್ಚಿ ಜಗಲಿಯ ಗೋಡೆಗೆ ತೂಗುಹಾಕುತ್ತಿದ್ದರು. ವರ್ಷದ ಕೊನೆಗೆ ಆ ತಂತಿಯನ್ನು ಬಿಚ್ಚಿದರೆ ಮನೆಯ ಇಡೀ ವರ್ಷದ ಲೆಕ್ಕ ಅಲ್ಲೇ ಸಿಗುತ್ತಿತ್ತು.

ಪಟ್ಟಿಯ ಅಂಕಿಗಳು ಆ ತಂತಿಗಷ್ಟೇ ಹೋಗಿ ನಿಲ್ಲುವುದಿಲ್ಲ. ಅದೇ ತೂಕ, ಅದೇ ದರ, ಅಡಕೆ ಮಾರಿಕೊಡುವ ತೋಟಿಗರ ಸಹಕಾರಿ ಸಂಘದ ಒಳಗೆ ಮೇಲಕ್ಕೆ ಹತ್ತುತ್ತ ಹೋಗುತ್ತವೆ. ಕೌಂಟರಿನ ಗುಮಾಸ್ತರಿಗೆ ಅದು ಇವತ್ತೇ ಮುಗಿಸಬೇಕಾದ ಒಂದು ನಮೂದು. ಮಾರಾಟ ವಿಭಾಗದ ಮುಖ್ಯಸ್ಥರಿಗೆ ವಾರದ ಆವಕದಲ್ಲಿ ಒಂದು ಪಾಲು. ಆಡಳಿತ ಮಂಡಳಿಗೆ ಮುಂದಿನ ವರ್ಷ ಹೊಸ ಗೋದಾಮು ಕಟ್ಟಬೇಕೇ ಬೇಡವೇ ಎಂಬ ಯೋಚನೆಯ ಹಿಂದಿರುವ ಸಾವಿರಾರು ಅಂಕಿಗಳಲ್ಲಿ ಒಂದು. ಮಾಹಿತಿ ತಂತ್ರಜ್ಞಾನವು ಸಂಸ್ಥೆಯ ಬೇರೆ ಬೇರೆ ಹಂತಗಳಿಗೆ ಹೇಗೆ ನೆರವಾಗುತ್ತದೆ ಎಂಬುದನ್ನು ತಿಳಿಯಲು ಈ ಪಟ್ಟಿಯ ಜಾಡು ಹಿಡಿದು ಹೋದರೆ ಸಾಕು.

ಈ ಹಂತಗಳು ಕಂಪ್ಯೂಟರಿಗಿಂತ ಹಳೆಯವು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದು, ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಮೇಲೆ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಸಹಕಾರ ಚಳವಳಿ ಹಬ್ಬಿತು. ಶಿರಸಿಯಲ್ಲಿ 1920ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು, 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಸ್ಥಾಪನೆಯಾದವು. ಆ ಕಾಲದ ಸಂಘಗಳ ಲೆಕ್ಕದ ಪುಸ್ತಕಗಳೇ ಮೂರು ಹಂತಗಳನ್ನು ತೋರಿಸಿಕೊಡುತ್ತವೆ. ದಿನದ ವ್ಯವಹಾರ ಕಿರ್ದಿಗೆ, ಅಂದರೆ ದಿನವಹಿಗೆ, ಇಳಿಯುತ್ತಿತ್ತು; ಕಿರ್ದಿಯಿಂದ ಪ್ರತಿ ಸದಸ್ಯನ ಖಾತೆಗೆ ಖತಾವಣಿಯಾಗುತ್ತಿತ್ತು; ತಿಂಗಳಿಗೊಮ್ಮೆ ವ್ಯವಸ್ಥಾಪಕರಿಗೆ ಎಲ್ಲ ಖಾತೆಗಳ ಮೊತ್ತ ಹೊಂದುತ್ತದೆಯೇ ಎಂದು ತೋರಿಸುವ ತಾಳೆಪಟ್ಟಿ, ವರ್ಷಕ್ಕೊಮ್ಮೆ ಮಂಡಳಿಗೂ ಸದಸ್ಯರಿಗೂ ಆಸ್ತಿ-ಹೊಣೆಗಳ ಅಢಾವೆ ಪತ್ರಿಕೆ. ಕೊರತೆ ಇದ್ದದ್ದು ವೇಗದಲ್ಲಿ ಮಾತ್ರ. ಜನವರಿಯಲ್ಲಿ ಯಾವ ವ್ಯಾಪಾರಿಯ ಬಾಕಿ ಬೆಳೆಯಿತು ಎಂಬುದು ವ್ಯವಸ್ಥಾಪಕರಿಗೆ ಫೆಬ್ರುವರಿಯ ನಡುವೆ ತಿಳಿದರೆ, ಅಷ್ಟರಲ್ಲಿ ಆ ವ್ಯಾಪಾರಿ ಇನ್ನೂ ನಾಲ್ಕು ಲಾಟು ಎತ್ತಿ ಆಗಿರುತ್ತಿತ್ತು.

ವ್ಯಾಪಾರದ ಕೆಲಸಕ್ಕೆ ಕಂಪ್ಯೂಟರನ್ನು ಮೊದಲು ಹೂಡಿದವರಲ್ಲಿ ಇಂಗ್ಲೆಂಡಿನ ಲಯನ್ಸ್ ಕಂಪನಿಯೂ ಒಂದು. ಅದು ಚಹದಂಗಡಿಗಳನ್ನೂ ಬೇಕರಿಗಳನ್ನೂ ನಡೆಸುತ್ತಿದ್ದ ಸಂಸ್ಥೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ತಾನೇ ಕಟ್ಟಿಕೊಂಡ ಲಿಯೋ ಎಂಬ ಯಂತ್ರದಲ್ಲಿ 1951ರಲ್ಲಿ ಬೇಕರಿಯ ಲೆಕ್ಕಾಚಾರ ಆರಂಭಿಸಿದ ಲಯನ್ಸ್, ಕೆಲವೇ ವರ್ಷಗಳಲ್ಲಿ ಚಹದಂಗಡಿಗಳ ಬೇಡಿಕೆಯನ್ನೂ ಅದಕ್ಕೇ ಒಪ್ಪಿಸಿತು. ಪ್ರತಿ ಅಂಗಡಿಗೂ ನಿತ್ಯದ ಬೇಡಿಕೆ ಮೊದಲೇ ದಾಖಲಾಗಿರುತ್ತಿತ್ತು. ಅಂಗಡಿಯ ಮೇಲ್ವಿಚಾರಕಿ ಅದರಲ್ಲಿ ಆಗಬೇಕಾದ ಬದಲಾವಣೆಯನ್ನಷ್ಟೇ ಫೋನಿನಲ್ಲಿ ತಿಳಿಸುತ್ತಿದ್ದಳು. ಎಲ್ಲವನ್ನೂ ಮತ್ತೆ ಮತ್ತೆ ಬರೆಯದೆ ವ್ಯತ್ಯಾಸವನ್ನು ಮಾತ್ರ ಹಿಡಿಯುವ ಈ ಪದ್ಧತಿ ಮೇಲಿನ ಹಂತದವರಿಗೆ ವರದಿ ಮಾಡುವ ಕ್ರಮಕ್ಕೂ ಹೊಂದುತ್ತದೆ.

ಹಂತಗಳನ್ನು ಹೆಸರಿಟ್ಟು ವಿಂಗಡಿಸಿದವರು ಅಮೆರಿಕದ ನಿರ್ವಹಣಾಶಾಸ್ತ್ರಜ್ಞ ರಾಬರ್ಟ್ ಆಂಥನಿ. 1965ರಲ್ಲಿ ಅವರು ಸಂಸ್ಥೆಯ ಕೆಲಸವನ್ನು ದಿನನಿತ್ಯದ ಕಾರ್ಯನಿಯಂತ್ರಣ, ನಡುವಣ ನಿರ್ವಹಣಾ ನಿಯಂತ್ರಣ, ಮೇಲಿನ ದೂರದೃಷ್ಟಿಯ ಯೋಜನೆ ಎಂದು ಮೂರಾಗಿ ನೋಡಿದರು. 1971ರಲ್ಲಿ ಗೋರಿ ಮತ್ತು ಸ್ಕಾಟ್ ಮಾರ್ಟನ್ ಎಂಬ ಇಬ್ಬರು ವಿದ್ವಾಂಸರು ಇದಕ್ಕೆ ಇನ್ನೊಂದು ಅಳತೆ ಸೇರಿಸಿದರು: ನಿಯಮ ಬರೆದಿಡಬಹುದಾದ ನಿರ್ಧಾರಗಳು ಒಂದು ಕಡೆ, ಅನುಭವ ಮತ್ತು ವಿವೇಚನೆಯಿಂದಲೇ ತೆಗೆದುಕೊಳ್ಳಬೇಕಾದವು ಇನ್ನೊಂದು ಕಡೆ. ಬಡ್ಡಿ ಲೆಕ್ಕ ಹಾಕುವುದು ಮೊದಲನೆಯದಕ್ಕೆ ಸೇರುತ್ತದೆ. ಕೊಳೆರೋಗದಿಂದ ಫಸಲು ಹೋದ ಸದಸ್ಯನಿಗೆ ಸಾಲದ ಕಂತು ಮುಂದೂಡಬೇಕೇ ಎಂಬುದು ಎರಡನೆಯದಕ್ಕೆ. ಈ ನಡುವೆ, 1967ರಲ್ಲೇ, ಇದೇ ಕ್ಷೇತ್ರದ ರಸೆಲ್ ಆಕಾಫ್ ಒಂದು ಎಚ್ಚರಿಕೆ ಕೊಟ್ಟಿದ್ದರು: ವ್ಯವಸ್ಥಾಪಕರು ನರಳುವುದು ಮಾಹಿತಿಯ ಕೊರತೆಗಿಂತ ಹೆಚ್ಚಾಗಿ ಬೇಡದ ಮಾಹಿತಿಯ ರಾಶಿಯಿಂದ. ಸಭೆಯ ಮೇಜಿನ ಮೇಲೆ ಇನ್ನೂರು ಪುಟದ ಮುದ್ರಿತ ವರದಿ ಇಟ್ಟುಕೊಂಡು ಕುಳಿತ ನಿರ್ದೇಶಕರನ್ನು ಕಂಡ ಯಾರಿಗೂ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗದು.

ನಮ್ಮಲ್ಲಿ ಕಂಪ್ಯೂಟರು ಬಂದದ್ದು ಕೆಳಗಿನ ಹಂತದಿಂದ. ಬ್ಯಾಂಕುಗಳ ಗಣಕೀಕರಣದ ಬಗ್ಗೆ ರಂಗರಾಜನ್ ಸಮಿತಿ ಕೊಟ್ಟ 1984ರ ವರದಿಯ ನಂತರ ಬ್ಯಾಂಕುಗಳಲ್ಲಿ ಖಾತೆಗೆ ನಮೂದು ಹಾಕುವ ಯಂತ್ರಗಳು ಕಾಣಿಸಿಕೊಂಡವು. ಹಳ್ಳಿಯ ಸಂಘಗಳಿಗೆ ಅದು ಮುಟ್ಟಲು ಇನ್ನೂ ಬಹಳ ಕಾಲ ಹಿಡಿಯಿತು. ಸಾಮಾನ್ಯ ರೈತನಿಗೆ ಗಣಕೀಕರಣದ ಮೊದಲ ನೇರ ಅನುಭವ ಬಹುಶಃ ಪಹಣಿಯದ್ದು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿ, ತಾಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು. ರೈತ ಕಂಡದ್ದು ಆ ಪ್ರತಿಯನ್ನು ಮಾತ್ರ. ಆದರೆ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸಬೇಕು ಎಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಿದ್ದರಿಂದ, ಯಾವ ಅರ್ಜಿ ಎಲ್ಲಿ ಎಷ್ಟು ದಿನದಿಂದ ಕುಳಿತಿದೆ ಎಂಬುದನ್ನು ಮೇಲಧಿಕಾರಿಗಳು ಕಡತ ತರಿಸದೆಯೇ ನೋಡುವಂತಾಯಿತು. ಕೆಳಗಿನ ಕೆಲಸದ ದಾಖಲೆಯೇ ನಡುವಣ ಹಂತದ ಕಣ್ಣಾಯಿತು.

ಅಡಕೆಯ ಮಾರಾಟಕ್ಕೂ ಇದೇ ಬದಲಾವಣೆ ಬಂತು. ಮೊದಲು ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆ ತೆರೆದು, ಲಾಟಿನ ಪ್ರಕಾರ ಚೀಟಿ ವಿಂಗಡಿಸಿ, ಹೆಚ್ಚಿನ ದರ ಹುಡುಕಿ, ಕೂಗಿ ಹೇಳುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತಿತ್ತು. ಕರ್ನಾಟಕ ಸರ್ಕಾರ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಆರಂಭಿಸಿತು. 2016ರ ಏಪ್ರಿಲ್ 14ರಂದು ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಬಂತು. ದರವನ್ನು ವ್ಯಾಪಾರಿ ಪರದೆಯಲ್ಲಿ ತುಂಬಿದರೆ ಹೆಚ್ಚಿನ ದರ ಯಾವುದೆಂಬುದನ್ನು ತಂತ್ರಾಂಶ ತಾನೇ ಹೇಳುತ್ತದೆ. ಅಡಕೆಯನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸ ಹಾಗೆಯೇ ಉಳಿದಿದೆ.

ಇಂದು ಈ ವ್ಯವಸ್ಥೆಗಳಿಂದ ಅತಿ ಹೆಚ್ಚು ಲಾಭ ಪಡೆದವರು ನಡುವಣ ಹಂತದವರು ಎಂಬುದು ನನ್ನ ಅಭಿಪ್ರಾಯ. ಮಾರಾಟ ವಿಭಾಗದ ಮುಖ್ಯಸ್ಥರಿಗೆ ಬೇಕಾದದ್ದು ಎಲ್ಲ ವ್ಯಾಪಾರಿಗಳ ಎಲ್ಲ ಖರೀದಿಯ ಪಟ್ಟಿಯಲ್ಲ. ವಾಯಿದೆ ಮೀರಿಯೂ ಹಣ ಕಟ್ಟದವರು ಯಾರು, ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ಎತ್ತಿದವರು ಯಾರು, ಗೋದಾಮಿನ ದಾಸ್ತಾನಿನ ಮೇಲೆ ಕೊಟ್ಟ ಮುಂಗಡ ಈಗಿನ ದರಕ್ಕೆ ಹೋಲಿಸಿದರೆ ಹೆಚ್ಚಾಗಿದೆಯೇ ಎಂಬಷ್ಟೇ. ಲಯನ್ಸ್‌ನ ಮೇಲ್ವಿಚಾರಕಿ ಫೋನಿನಲ್ಲಿ ಹೇಳುತ್ತಿದ್ದಂತೆ, ವ್ಯತ್ಯಾಸ ಮಾತ್ರ. ಸಾಲ ವಿಭಾಗದಲ್ಲಿ ಸುಸ್ತಿದಾರರ ಪಟ್ಟಿಗೂ ಇದೇ ಮಾತು ಸಲ್ಲುತ್ತದೆ. ಹಿಂದೆ ವಾರಗಟ್ಟಲೆ ಖಾತೆ ತಿರುವಿ ಸಿದ್ಧಪಡಿಸುತ್ತಿದ್ದ ಆ ಪಟ್ಟಿ ಈಗ ಗುಂಡಿ ಒತ್ತಿದರೆ ಬರುತ್ತದೆ.

ಆ ಪಟ್ಟಿ ಸರಿಯಿರಬೇಕಾದರೆ ಕೆಳಗಿನ ನಮೂದು ಸರಿಯಿರಬೇಕು. ನಾನು ಬಲ್ಲ ಒಂದು ಚಿಕ್ಕ ಸಂಘದಲ್ಲಿ ಖಾತೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಒಂದೇ ಊರಿನಲ್ಲಿ ಮೂವರು ಗಣಪತಿ ಹೆಗಡೆಯರಿರುವುದು ಸಾಮಾನ್ಯ; ಕೆಲವೊಮ್ಮೆ ಅವರ ತಂದೆಯ ಹೆಸರೂ ಒಂದೇ. ಹಳೆಯ ಖಾತೆವಹಿಯಲ್ಲಿ ಗುಮಾಸ್ತರು ಹೆಸರಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಮೇಲಿನಮನೆ, ಕೆಳಗಿನಮನೆ, ಹಿತ್ತಲಮನೆ ಎಂದು ಬರೆದಿಟ್ಟಿದ್ದರು. ಹೊಸ ತಂತ್ರಾಂಶದಲ್ಲಿ ಮನೆಯ ಹೆಸರಿಗೆ ಜಾಗವಿರಲಿಲ್ಲ. ಅಂಕಿ ತುಂಬಲು ಹೊರಗಿನಿಂದ ಬಂದ ಹುಡುಗರಿಗೆ ಪೆನ್ಸಿಲ್ಲಿನ ಆ ಬರಹ ಅಗತ್ಯವೆನಿಸಲಿಲ್ಲ. ಮೇಲಿನಮನೆಯವರ ಅಡಕೆಯ ಜಮಾ ಕೆಳಗಿನಮನೆಯವರ ಸಾಲಕ್ಕೆ ಹೋಯಿತು. ಸಾಲವನ್ನು ವಾಯಿದೆಯೊಳಗೆ ಕಟ್ಟಿಯೇ ಗೊತ್ತಿದ್ದ ವೃದ್ಧರೊಬ್ಬರ ಹೆಸರು ಸುಸ್ತಿದಾರರ ಪಟ್ಟಿಯಲ್ಲಿ ಬಂತು. ಅವರು ತಮ್ಮ ಪಟ್ಟಿಗಳ ತಂತಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದು ಕೌಂಟರಿನ ಮೇಲೆ ಇಟ್ಟರು. ಒಟ್ಟು ಮೊತ್ತ ಎಲ್ಲಿಯೂ ತಪ್ಪಿರಲಿಲ್ಲ, ತಾಳೆಪಟ್ಟಿ ಒಂದು ಪೈಸೆಯೂ ವ್ಯತ್ಯಾಸವಿಲ್ಲದೆ ತಾಳೆಯಾಗಿತ್ತು. ಹಾಗಾಗಿ ಮೇಲಿನ ಯಾವ ಹಂತಕ್ಕೂ ಈ ತಪ್ಪು ಕಾಣುವ ದಾರಿಯೇ ಇರಲಿಲ್ಲ.

ಮೇಲಿನ ಹಂತದ ತೊಡಕು ಬೇರೆ ಬಗೆಯದು. ಆಡಳಿತ ಮಂಡಳಿ ತೀರ್ಮಾನಿಸಬೇಕಾದ ವಿಷಯಗಳಿಗೆ ಬೇಕಾದ ಮಾಹಿತಿಯ ಬಹುಪಾಲು ಸಂಘದ ಹೊರಗೇ ಇರುತ್ತದೆ. 2023ರ ಫೆಬ್ರುವರಿಯಲ್ಲಿ ಕೇಂದ್ರವು ಅಡಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ದಾಸ್ತಾನು ಇಟ್ಟುಕೊಳ್ಳಬೇಕೇ, ಮಾರಬೇಕೇ ಎಂಬ ಯೋಚನೆಗೆ ಇಂಥ ಒಂದು ಆದೇಶದ ತೂಕ ಸಂಘದ ಹತ್ತು ವರ್ಷದ ಆವಕದ ಅಂಕಿಗಿಂತ ಕಡಿಮೆಯದೇನಲ್ಲ. ಅಂಕಿಅಂಶಗಳು ಹಳೆಯ ಹಂಗಾಮುಗಳ ಏರಿಳಿತವನ್ನು ತೋರಿಸಿ ನೆರವಾಗಬಲ್ಲವು. ತೀರ್ಮಾನ ಅನುಭವಸ್ಥರ ಚರ್ಚೆಯಿಂದಲೇ ಬರಬೇಕು.

ಆಂಥನಿಯವರ ಶ್ರೇಣಿ ನಮ್ಮ ಸಂಘಗಳಿಗೆ ಪೂರ್ತಿಯಾಗಿ ಹೊಂದದಿರುವ ಒಂದು ಜಾಗವಿದೆ, ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲ ಎಂಬುದು ನನ್ನ ಕೊರಗು. ಕಂಪನಿಯಲ್ಲಿ ಕೌಂಟರಿಗೆ ಬರುವವನು ಗಿರಾಕಿ, ಮೇಲೆ ಕುಳಿತವನು ಒಡೆಯ. ಸಹಕಾರಿ ಸಂಘದಲ್ಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಪರಮಾಧಿಕಾರ ಸರ್ವಸದಸ್ಯರ ಸಭೆಯದು. ಬೆಳಿಗ್ಗೆ ಚೀಲ ಇಳಿಸಿ ಪಟ್ಟಿ ಪಡೆದ ತೋಟಿಗನೇ ವಾರ್ಷಿಕ ಸಭೆಯಲ್ಲಿ ಆಡಳಿತ ಮಂಡಳಿಯನ್ನು ಪ್ರಶ್ನಿಸುವ ಒಡೆಯ. ಶ್ರೇಣಿಯ ಬುಡದಲ್ಲಿರುವವನೂ ತುದಿಯಲ್ಲಿರುವವನೂ ಅವನೇ. ಆದರೆ ವ್ಯವಸ್ಥೆಗಳು ಅವನನ್ನು ಬುಡದಲ್ಲಿ ಮಾತ್ರ ಗುರುತಿಸುತ್ತವೆ: ಪಟ್ಟಿ ಕೊಡುತ್ತವೆ, ಮೊಬೈಲಿಗೆ ಜಮಾ ಆದ ಸಂದೇಶ ಕಳಿಸುತ್ತವೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಒಪ್ಪಿದಾಗ, ಸಂಘದ ಲೆಕ್ಕವನ್ನು ಜಿಲ್ಲಾ ಬ್ಯಾಂಕು, ರಾಜ್ಯ ಬ್ಯಾಂಕು, ನಬಾರ್ಡ್‌ಗಳಿಗೆ ಜೋಡಿಸುವುದು ಮುಖ್ಯ ಉದ್ದೇಶವಾಗಿತ್ತು. ಅದು ಬಹಳ ಅಗತ್ಯವಿದ್ದ ಕೆಲಸವೇ. ಅಲ್ಲಿಯೂ ಅಂಕಿಗಳ ಪಯಣ ಮೇಲ್ಮುಖವಾದದ್ದು.

ವಾರ್ಷಿಕ ಸಭೆಗೆ ಹೋಗುವ ಸದಸ್ಯನಿಗೆ ಮುಂಚಿತವಾಗಿ ಸಿಗಬೇಕಾದದ್ದು ಒಂದೇ ಪುಟ ಎಂದು ನನಗೆ ತೋರುತ್ತದೆ. ತನ್ನ ಚಾಲಿಗೆ ಸಿಕ್ಕ ಸರಾಸರಿ ದರ, ಅದೇ ವಾರಗಳಲ್ಲಿ ಸಂಘದ ಎಲ್ಲ ಚಾಲಿಗೆ ಸಿಕ್ಕ ಸರಾಸರಿ, ತನ್ನ ಕ್ವಿಂಟಲಿಗೆ ಬಿದ್ದ ಒಟ್ಟು ಕಡಿತ, ವ್ಯಾಪಾರಿಗಳಿಂದ ಸಂಘಕ್ಕೆ ಬರಬೇಕಾದ ಬಾಕಿ. ಇವುಗಳಲ್ಲಿ ಯಾವುದಕ್ಕೂ ಹೊಸದಾಗಿ ಅಂಕಿ ಕಲೆಹಾಕಬೇಕಾಗಿಲ್ಲ. ತೂಕವಾದ ದಿನ, ಪಟ್ಟಿ ಹರಿದುಕೊಟ್ಟ ಹೊತ್ತಿಗೇ ಅವೆಲ್ಲ ದಾಖಲಾಗಿವೆ.