ಪಿಎಲ್/ಎಸ್‌ಕ್ಯೂಎಲ್: ಡಿಕ್ಲೇರ್ ಭಾಗದ ದೋಷವನ್ನು ಹಿಡಿಯುವವರು ಯಾರು?

ಪಿಎಲ್/ಎಸ್‌ಕ್ಯೂಎಲ್ ಎಂದರೆ ಒರಾಕಲ್ ಡೇಟಾಬೇಸ್‌ನ ಪ್ರೋಗ್ರಾಮಿಂಗ್ ಭಾಷೆ. ಅದರ ಬ್ಲಾಕ್‌ಗೆ (ಒಟ್ಟಾಗಿ ಓಡುವ ಕೋಡಿನ ತುಂಡಿಗೆ) ಡಿಕ್ಲೇರ್, ಬಿಗಿನ್, ಎಕ್ಸೆಪ್ಶನ್, ಎಂಡ್ ಎಂಬ ಕ್ರಮವಿದೆ: ಡಿಕ್ಲೇರ್‌ನಲ್ಲಿ ವೇರಿಯೇಬಲ್‌ಗಳು, ಬಿಗಿನ್ ನಂತರ ಕೆಲಸ, ಎಕ್ಸೆಪ್ಶನ್‌ನಲ್ಲಿ ದೋಷ ಬಂದರೆ ಏನು ಮಾಡಬೇಕೆಂಬುದು. ಡಿಕ್ಲೇರ್‌ನಲ್ಲಿ ಮೊದಲು ವೇರಿಯೇಬಲ್‌ನ ಹೆಸರು, ಆಮೇಲೆ ಟೈಪ್, ಬೇಕಿದ್ದರೆ ಆರಂಭಿಕ ಬೆಲೆ. ಬೆಲೆ ಕೊಡದಿದ್ದರೆ ಅದರಲ್ಲಿರುವುದು ನಲ್ (ಬೆಲೆಯೇ ಇಲ್ಲ ಎಂಬ ಗುರುತು), ಸೊನ್ನೆಯಲ್ಲ. ಹಾಗಾಗಿ ಮೊತ್ತ ಕೂಡಿಸುವ ವೇರಿಯೇಬಲ್‌ಗೆ 0 ಕೊಡುವುದನ್ನು ಮರೆತರೆ ಎಷ್ಟು ಕೂಡಿಸಿದರೂ ಅದು ನಲ್ ಆಗಿಯೇ ಉಳಿಯುತ್ತದೆ.

ಈಗ ನಿಜವಾಗಿ ತಲೆ ತಿಂದ ಭಾಗ. ಎಎಲ್32ಯುಟಿಎಫ್8 (ಒರಾಕಲ್‌ನಲ್ಲಿ ಯುಟಿಎಫ್-8ರ ಹೆಸರು) ಅಕ್ಷರಸಂಚಯದ ಡೇಟಾಬೇಸ್‌ನಲ್ಲಿ ಹೀಗೆ ಬರೆದೆವು ಎನ್ನೋಣ (ವಾರ್‌ಚಾರ್2 ಎಂದರೆ ಪಠ್ಯದ ಟೈಪ್; ಆಜ್ಞೆಯಾಗಿ ಬರುವ 'ನಲ್;' ಎಂದರೆ ಏನೂ ಮಾಡಬೇಡ ಎಂದು):

ಡಿಕ್ಲೇರ್
  ವಿ_ಊರು ವಾರ್‌ಚಾರ್2(10) := 'ಮೈಸೂರು';
ಬಿಗಿನ್
  ನಲ್;
ಎಕ್ಸೆಪ್ಶನ್
  ವೆನ್ ಅದರ್ಸ್ ದೆನ್ ನಲ್;
ಎಂಡ್;

ಇಲ್ಲಿ 10 ಎಂದರೆ, ಸೆಟ್ಟಿಂಗ್ ಬದಲಿಸದಿದ್ದರೆ, ಹತ್ತು ಬೈಟ್, ಹತ್ತು ಅಕ್ಷರವಲ್ಲ. 'ಮೈಸೂರು' ಎಂಬುದರಲ್ಲಿ ಸ್ವರಚಿಹ್ನೆಗಳೂ ಸೇರಿ ಆರು ಯುನಿಕೋಡ್ ಸಂಕೇತಗಳಿವೆ, ಒಂದೊಂದಕ್ಕೂ ಮೂರು ಬೈಟ್, ಒಟ್ಟು 18. ಹಿಡಿಸುವುದಿಲ್ಲ, ಓಆರ್‌ಎ-06502 ಎಂಬ ದೋಷ ಬರುತ್ತದೆ. ಕನ್ನಡ ಪಠ್ಯವಿದ್ದಲ್ಲಿ ವಾರ್‌ಚಾರ್2(10 ಚಾರ್) ಎಂದು ಬರೆದರೆ ಈ ತೊಂದರೆ ಇಲ್ಲ.

ಅದಿರಲಿ. ವೆನ್ ಅದರ್ಸ್ ಎಲ್ಲ ದೋಷಗಳನ್ನೂ ನುಂಗಬೇಕಲ್ಲವೇ? ಇದನ್ನು ನುಂಗುವುದಿಲ್ಲ. ಎಕ್ಸೆಪ್ಶನ್ ಭಾಗದ ಕಾವಲು ಶುರುವಾಗುವುದು ಬಿಗಿನ್ ದಾಟಿದ ಮೇಲೆ. ಡಿಕ್ಲೇರ್‌ನ ಸಾಲುಗಳು ಅದಕ್ಕೂ ಮೊದಲೇ ಓಡುತ್ತವೆ. ಅಲ್ಲಿ ಬೆಲೆ ತುಂಬುವಾಗ ಎಡವಿದರೆ ದೋಷ ಅದೇ ಬ್ಲಾಕ್‌ನ ಎಕ್ಸೆಪ್ಶನ್‌ಗೆ ಹೋಗದೆ ನೇರವಾಗಿ ಹೊರಗಿನ ಬ್ಲಾಕ್‌ಗೆ ಹೋಗುತ್ತದೆ. ಹೊರಗೆ ಬ್ಲಾಕ್ ಇಲ್ಲದಿದ್ದರೆ ಕರೆದವರ ಮುಖಕ್ಕೇ ಬಡಿಯುತ್ತದೆ. ಮನೆಯ ಬಾಗಿಲಲ್ಲಿ ಕಾವಲುಗಾರ ಕೂರುವ ಮೊದಲೇ ಸಾಮಾನು ಒಳಗೆ ಸಾಗಿಸಿದಂತೆ ಇದು. ಮೇಲಿನ ಬ್ಲಾಕನ್ನು ಪೂರ್ತಿಯಾಗಿ ಇನ್ನೊಂದು ಬಿಗಿನ್–ಎಂಡ್ ನಡುವೆ ಇಟ್ಟು, ಹೊರಗಿನದಕ್ಕೆ ಎಕ್ಸೆಪ್ಶನ್ ಬರೆದು ಓಡಿಸಿ ನೋಡಿ, ಹೊರಗಿನದು ಹಿಡಿಯುತ್ತದೆ.

ಬೆಲೆಯ ಜಾಗದಲ್ಲಿ ಫಂಕ್ಷನ್ ಕರೆದರೆ ಅಪಾಯ ಹೆಚ್ಚು, ಏಕೆಂದರೆ ಆ ಫಂಕ್ಷನ್‌ನೊಳಗೆ ಏನು ಕೆಡುತ್ತದೆಂದು ಸಾಲು ನೋಡಿದರೆ ತಿಳಿಯದು. ಆದ್ದರಿಂದ ನನ್ನ ಕಟ್ಟುನಿಟ್ಟು: ಡಿಕ್ಲೇರ್‌ನಲ್ಲಿ ಹೆಸರು, ಟೈಪ್, ಹೆಚ್ಚೆಂದರೆ ಒಂದು ಸರಳ ಸ್ಥಿರ ಬೆಲೆ. ಲೆಕ್ಕ ಹಾಕುವುದು, ಫಂಕ್ಷನ್ ಕರೆಯುವುದು ಏನಿದ್ದರೂ ಬಿಗಿನ್ ನಂತರ. ಕಾನ್‌ಸ್ಟಂಟ್ (ಬೆಲೆ ಬದಲಾಗದ) ಮತ್ತು ನಾಟ್ ನಲ್ (ನಲ್ ಆಗಬಾರದ) ವೇರಿಯೇಬಲ್‌ಗಳು ಇದಕ್ಕೆ ಜಗ್ಗುವುದಿಲ್ಲ. ಅವುಗಳಿಗೆ ಡಿಕ್ಲೇರ್‌ನಲ್ಲಿಯೇ ಬೆಲೆ ಕೊಡಬೇಕು.

ಟೈಪ್ ಆರಿಸುವ ಗೋಜಿಗೆ ಹೋಗಬೇಡಿ. ಟೇಬಲ್‌ನಿಂದ ಬರುವ ಬೆಲೆಯಾದರೆ ಟೈಪ್‌ನ ಜಾಗದಲ್ಲಿ ಟೇಬಲ್.ಕಾಲಂ ಹೆಸರು ಬರೆದು ಅದರ ಕೊನೆಗೆ %ಟೈಪ್ ಹಚ್ಚಿ, ಇಡೀ ಸಾಲಾದರೆ ಟೇಬಲ್ ಹೆಸರಿನ ಕೊನೆಗೆ %ರೋಟೈಪ್. ಕಾಲಂ ಅಗಲ ಬದಲಾದರೂ ಕೋಡ್ ತಿದ್ದಬೇಕಾಗಿಲ್ಲ.

ಹೆಸರಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ವೇರಿಯೇಬಲ್‌ಗೆ ಕಾಲಂನ ಹೆಸರನ್ನೇ ಇಡಬೇಡಿ. ಡಿಲೀಟ್ ಆಜ್ಞೆಯಲ್ಲಿ 'ವೇರ್ ಐಡಿ = ಐಡಿ' ಎಂದರೆ ಒರಾಕಲ್ ಎರಡನ್ನೂ ಕಾಲಂ ಎಂದೇ ಓದುತ್ತದೆ; ಐಡಿ ನಲ್ ಅಲ್ಲದ ಸಾಲುಗಳೆಲ್ಲ ಅಳಿಸಿಹೋಗುತ್ತವೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನ ಇಂಥದೇ ಭಾಷೆ ಪಿಎಲ್/ಪಿಜಿಎಸ್‌ಕ್ಯೂಎಲ್, ಆವೃತ್ತಿ 9.0ರಿಂದೀಚೆಗೆ, ಸೆಟ್ಟಿಂಗ್ ಬದಲಿಸದಿದ್ದರೆ, ಇಂಥ ಗೊಂದಲಕ್ಕೆ ದೋಷ ತೋರಿಸಿ ನಿಲ್ಲುತ್ತದೆ. ಒರಾಕಲ್ ಏನೂ ಹೇಳುವುದಿಲ್ಲ, ಆದ್ದರಿಂದ ವೇರಿಯೇಬಲ್ ಹೆಸರಿನ ಆರಂಭದಲ್ಲಿ 'ವಿ_' ಇರಲಿ.