ನಾಲ್ಕು ಸೊನ್ನೆಗೊಂದು ಹೆಸರು: ಜಪಾನೀ ಭಾಷೆಯ ದೊಡ್ಡ ಸಂಖ್ಯೆಗಳು

ಜಪಾನಿನ 2020ರ ಜನಗಣತಿ ಆ ದೇಶದ ಜನಸಂಖ್ಯೆಯನ್ನು 126146099 ಎಂದು ದಾಖಲಿಸಿತು. ಕನ್ನಡದಲ್ಲಿ ಇದನ್ನು ಓದುವಾಗ ನಾವು ಬಲಗಡೆಯಿಂದ ಮೊದಲು ಮೂರು ಅಂಕಿಗಳನ್ನು, ಆಮೇಲೆ ಎರಡೆರಡು ಅಂಕಿಗಳನ್ನು ಬಿಡಿಸಿಕೊಂಡು, ಹನ್ನೆರಡು ಕೋಟಿ ಅರವತ್ತೊಂದು ಲಕ್ಷದ ನಲವತ್ತಾರು ಸಾವಿರದ ತೊಂಬತ್ತೊಂಬತ್ತು ಎನ್ನುತ್ತೇವೆ. ಜಪಾನೀ ಭಾಷಿಕರು ಇದೇ ಸಾಲನ್ನು ನಾಲ್ಕು ನಾಲ್ಕು ಅಂಕಿಗಳಾಗಿ ಕತ್ತರಿಸುತ್ತಾರೆ: 1, 2614, 6099. ಓದುವುದು ಹೀಗೆ: ‘ಇಚಿ ಒಕು, ನಿಸೆನ್ ರೊಪ್ಪ್ಯಕು ಜೂಯೊನ್ ಮನ್, ರೊಕುಸೆನ್ ಕ್ಯೂಜೂಕ್ಯೂ’. ಕಾಗದದ ಮೇಲೆ ಸಂಖ್ಯೆಯನ್ನು ಬರೆದು, ಬಲದಿಂದ ನಾಲ್ಕನೆಯ ಮತ್ತು ಎಂಟನೆಯ ಅಂಕಿಯ ಎಡಕ್ಕೆ ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆದುಕೊಂಡರೆ ಈ ಓದಿನ ಮುಕ್ಕಾಲು ಪಾಲು ಕೈಗೆ ಬಂದಂತೆಯೇ.

ಒಂದರಿಂದ ಒಂಬತ್ತರವರೆಗಿನ ಹೆಸರುಗಳ ಜೊತೆಗೆ ಹತ್ತಕ್ಕೆ ‘ಜೂ’, ನೂರಕ್ಕೆ ‘ಹ್ಯಕು’, ಸಾವಿರಕ್ಕೆ ‘ಸೆನ್’ ಎಂಬ ಪದಗಳನ್ನು ಕಲಿತರೆ 9999ರ ತನಕ ಎಣಿಸಬಹುದು. ಹತ್ತು ಸಾವಿರಕ್ಕೆ ಅಲ್ಲಿ ‘ಮನ್’ ಎಂಬ ಹೊಸ ಹೆಸರಿದೆ. ನಮ್ಮಲ್ಲೂ ಹತ್ತು ಸಾವಿರಕ್ಕೆ ‘ಅಯುತ’ ಎಂಬ ಸಂಸ್ಕೃತ ಹೆಸರಿತ್ತು. ಈಗ ಅದು ಅಯುತ ಚಂಡಿಕಾ ಹೋಮದಂಥ ಕಡೆಗಳಲ್ಲಷ್ಟೇ ಕಿವಿಗೆ ಬೀಳುತ್ತದೆ. ಜಪಾನಿನಲ್ಲಿ ಮಾತ್ರ ಇಡೀ ಕಟ್ಟಡ ನಿಂತಿರುವುದೇ ಈ ಮನ್ ಮೇಲೆ. ಒಮ್ಮೆ ಮನ್ ತಲುಪಿದ ಮೇಲೆ ಹತ್ತು ಮನ್, ನೂರು ಮನ್, ಸಾವಿರ ಮನ್ ಎಂದು ಹಳೆಯ ಪದಗಳಿಂದಲೇ ಏರುತ್ತ ಹೋಗಿ, ಹತ್ತು ಸಾವಿರ ಮನ್ ಆದಾಗ ‘ಒಕು’ ಎಂಬ ಮುಂದಿನ ಹೆಸರು ಬರುತ್ತದೆ. ಅಂತೆಯೇ ಹತ್ತು ಸಾವಿರ ಒಕು ಸೇರಿದರೆ ಒಂದು ‘ಚೋ’, ಹತ್ತು ಸಾವಿರ ಚೋ ಸೇರಿದರೆ ಒಂದು ‘ಕೇ’. ಚೀನಾದಿಂದ ಬಂದ ಈ ಕ್ರಮವನ್ನು ಕೊರಿಯಾ ಕೂಡ ಪಾಲಿಸುತ್ತದೆ. ಕಲಿಯುವವರು ನೆನಪಿಡಬೇಕಾದ ಸಣ್ಣ ನಿಯಮವೊಂದಿದೆ: ಹತ್ತು, ನೂರು, ಸಾವಿರ ಎನ್ನುವಾಗ ಸಾಮಾನ್ಯವಾಗಿ ‘ಒಂದು’ ಸೇರಿಸುವುದಿಲ್ಲ, ಆದರೆ ಮನ್ ಎನ್ನುವಾಗ ಸೇರಿಸಲೇಬೇಕು. ‘ಸೆನ್’ ಎಂದರೆ ಸಾವಿರ, ‘ಇಚಿಮನ್’ ಎಂದರೆ ಹತ್ತು ಸಾವಿರ.

ಕೇ ಎಂದರೆ ಒಂದರ ಮುಂದೆ ಹದಿನಾರು ಸೊನ್ನೆ. ಕೋಬೆ ನಗರದಲ್ಲಿ ರಿಕೆನ್ ಸಂಶೋಧನಾ ಸಂಸ್ಥೆ ನಿಲ್ಲಿಸಿದ ಸೂಪರ್ ಕಂಪ್ಯೂಟರಿಗೆ ಇದೇ ಹೆಸರನ್ನಿಟ್ಟರು, ಏಕೆಂದರೆ ಸೆಕೆಂಡಿಗೆ ಒಂದು ಕೇ ಲೆಕ್ಕಗಳನ್ನು ಮಾಡುವುದು ಅದರ ಗುರಿಯಾಗಿತ್ತು. 2011ರಲ್ಲಿ ಅದು ಜಗತ್ತಿನ ಅತಿವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, ಅದೇ ವರ್ಷ ಆ ಗುರಿಯನ್ನೂ ದಾಟಿತು.

ಗೊಂದಲ ಹುಟ್ಟುವುದು ಬರವಣಿಗೆಯಲ್ಲಿ. ಅಂಕಿಗಳಲ್ಲಿ ಬರೆಯುವಾಗ ಜಪಾನೀಯರು ಪಾಶ್ಚಾತ್ಯ ಪದ್ಧತಿಯಂತೆ ಮೂರು ಅಂಕಿಗೊಂದು ಅಲ್ಪವಿರಾಮ ಹಾಕುತ್ತಾರೆ. ಬಾಯಲ್ಲಿ ಓದುವುದು ಮಾತ್ರ ನಾಲ್ಕರ ಲೆಕ್ಕದಲ್ಲಿ. 126,146,099 ಎಂದು ಅಚ್ಚಾದ ಸಂಖ್ಯೆಯಲ್ಲಿ ಕಣ್ಣು ನಿಲ್ಲುವ ಜಾಗವೇ ಬೇರೆ, ನಾಲಿಗೆ ನಿಲ್ಲುವ ಜಾಗವೇ ಬೇರೆ. ಪತ್ರಿಕೆಗಳು ಇದಕ್ಕೊಂದು ಹದವಾದ ದಾರಿ ಕಂಡುಕೊಂಡಿವೆ: ಅಂಕಿಗಳ ನಡುವೆ ಒಕು, ಮನ್‌ಗಳ ಲಿಪಿಚಿಹ್ನೆಗಳನ್ನೇ ಸೇರಿಸಿ, ‘1 ಒಕು 2614 ಮನ್ 6099’ ಎಂಬಂತೆ ಮುದ್ರಿಸುತ್ತವೆ. ಹತ್ತು ಸಾವಿರ ಯೆನ್ ನೋಟಿನ ಮೇಲೂ ಅಂಕಿಯ ಜೊತೆಗೆ ‘ಇಚಿಮನ್ ಎನ್’ ಎಂದು ಚಿಹ್ನೆಗಳಲ್ಲಿ ಬರೆದಿರುತ್ತದೆ. ಅಲ್ಲಿ ‘ಒಂದು’ ಎನ್ನಲು ಬಳಸಿರುವುದು ಬರಿಯ ಅಡ್ಡಗೆರೆಯನ್ನಲ್ಲ, ಹಲವು ಗೆರೆಗಳ ಜಟಿಲ ಚಿಹ್ನೆಯನ್ನು. ಒಂದು ಅಡ್ಡಗೆರೆಗೆ ಇನ್ನೊಂದನ್ನು ಸೇರಿಸಿದರೆ ಎರಡು, ಮತ್ತೊಂದನ್ನು ಸೇರಿಸಿದರೆ ಮೂರು ಆಗಿಬಿಡುವುದರಿಂದ, ಹಣಕಾಸಿನ ಪತ್ರಗಳಲ್ಲಿ ಯಾರೂ ತಿದ್ದಲಾರದಂಥ ಈ ರೂಪವನ್ನು ಬಳಸುವ ರೂಢಿಯಿದೆ.

ಕನ್ನಡಿಗರು ಜಪಾನೀ ಸಂಖ್ಯೆಗಳನ್ನು ಕಲಿಯುವಾಗ ಮಿಲಿಯನ್, ಬಿಲಿಯನ್‌ಗಳ ಸುತ್ತುದಾರಿ ಹಿಡಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಮಾಡಿದರೆ ನಾಲ್ಕರ ಲೆಕ್ಕವನ್ನು ಮೂರರ ಲೆಕ್ಕಕ್ಕೆ, ಅದನ್ನು ಮತ್ತೆ ನಮ್ಮ ಎರಡರ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕಾಗುತ್ತದೆ. ನೇರ ದಾರಿ ಬಹಳ ಹತ್ತಿರದ್ದು. ಹತ್ತು ಮನ್ ಅಂದರೆ ಒಂದು ಲಕ್ಷ, ಆದ್ದರಿಂದ 350 ಮನ್ ಯೆನ್ ಎಂದರೆ 35 ಲಕ್ಷ ಯೆನ್. ಒಂದು ಒಕು ಅಂದರೆ ಹತ್ತು ಕೋಟಿ. ಇನ್ನು ಒಂದು ಚೋ ಸರಿಯಾಗಿ ಒಂದು ಲಕ್ಷ ಕೋಟಿ. ಇಲ್ಲಿ ಗುಣಿಸುವುದೂ ಇಲ್ಲ, ಭಾಗಿಸುವುದೂ ಇಲ್ಲ. ಜಪಾನ್ ಸರ್ಕಾರದ 2024ರ ಬಜೆಟ್ ಸುಮಾರು 112 ಚೋ ಯೆನ್ ಎಂದು ಓದಿದಾಗ ನಮ್ಮ ಬಜೆಟ್ ವರದಿಗಳ ಭಾಷೆಯಲ್ಲೇ 112 ಲಕ್ಷ ಕೋಟಿ ಯೆನ್ ಎಂದುಕೊಂಡರೆ ಸಾಕು. ಎರಡೆರಡರಂತೆ ಏರುವ ನಮ್ಮ ಮೆಟ್ಟಿಲೂ ನಾಲ್ಕು ನಾಲ್ಕರಂತೆ ಏರುವ ಅವರ ಮೆಟ್ಟಿಲೂ ಹನ್ನೆರಡನೆಯ ಸೊನ್ನೆಯಲ್ಲಿ ಒಂದೇ ಮಟ್ಟಕ್ಕೆ ಬರುತ್ತವೆ.

ಉಚ್ಚಾರಣೆಯ ವಿಷಯದಲ್ಲಿ ಕನ್ನಡ ಒದಗಿಸುವ ನೆರವು ಇನ್ನೂ ಸೊಗಸಾದದ್ದು. ನೂರಕ್ಕೆ ‘ಹ್ಯಕು’ ಎಂದ ಮೇಲೆ ಮುನ್ನೂರಕ್ಕೆ ‘ಸಂಬ್ಯಕು’, ಆರುನೂರಕ್ಕೆ ‘ರೊಪ್ಪ್ಯಕು’ ಏಕೆಂದು ಹೊಸ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳುತ್ತಾರೆ. ಜಪಾನೀ ಭಾಷೆಯ ಹಕಾರ ಹಿಂದೆ ಪಕಾರವಾಗಿತ್ತು. ಒಂಟಿಯಾಗಿ ನಿಂತಾಗ ಅದು ಹಕಾರಕ್ಕೆ ತಿರುಗಿತು. ಒತ್ತಕ್ಷರದಲ್ಲಿ ಪಕಾರವಾಗಿಯೇ ಉಳಿಯಿತು. ಅನುನಾಸಿಕದ ಪಕ್ಕದಲ್ಲಿ ಬಕಾರವಾಯಿತು. ಇದು ನಮಗೆ ಪರಿಚಿತ ಕಥೆಯೇ. ಹಳಗನ್ನಡದ ‘ಪತ್ತು’ ಇಂದು ‘ಹತ್ತು’ ಆಗಿದೆ, ಆದರೆ ‘ಇಪ್ಪತ್ತು’ ಎನ್ನುವಾಗ ಪಕಾರ ಉಳಿದಿದೆ, ‘ಎಂಬತ್ತು’ ಎನ್ನುವಾಗ ಬಕಾರವಾಗಿದೆ. ಹತ್ತು, ಇಪ್ಪತ್ತು, ಎಂಬತ್ತು. ಹ್ಯಕು, ರೊಪ್ಪ್ಯಕು, ಸಂಬ್ಯಕು. ಎರಡು ಭಾಷೆಗಳ ನಡುವೆ ನಂಟಿದೆಯೆಂದು ಇದರಿಂದ ತಿಳಿಯಬೇಕಾಗಿಲ್ಲ. ಮನುಷ್ಯರ ತುಟಿಗಳು ಪಕಾರವನ್ನು ಎರಡು ದೂರದ ಊರುಗಳಲ್ಲಿ ಒಂದೇ ಬಗೆಯಲ್ಲಿ ಸವೆಸಿವೆ, ಅಷ್ಟೇ.

ಈ ಹೆಸರುಗಳ ಪಟ್ಟಿಯನ್ನು ಜಪಾನಿನ ಜನಸಾಮಾನ್ಯರ ಮನೆಗಳಿಗೆ ಮುಟ್ಟಿಸಿದ್ದು 1627ರಲ್ಲಿ ಕ್ಯೋಟೋದ ಯೊಶಿದಾ ಮಿತ್ಸುಯೊಶಿ ಹೊರತಂದ ‘ಜಿಂಕೋಕಿ’ ಎಂಬ ಗಣಿತದ ಪುಸ್ತಕ. ಸೊರೊಬಾನ್ ಎಂಬ ಮಣಿಚೌಕಟ್ಟಿನಲ್ಲಿ ಲೆಕ್ಕ ಮಾಡುವುದನ್ನು ಕಲಿಸುವುದು ಅದರ ಉದ್ದೇಶ. ಅದರ ಹೆಸರಾಂತ ಲೆಕ್ಕಗಳಲ್ಲೊಂದು ಇಲಿಗಳದ್ದು. ಜನವರಿಯಲ್ಲಿ ಒಂದು ಜೋಡಿ ಇಲಿ ಹನ್ನೆರಡು ಮರಿ ಹಾಕುತ್ತದೆ, ತಾಯಿತಂದೆ ಸೇರಿ ಹದಿನಾಲ್ಕು. ಫೆಬ್ರವರಿಯಲ್ಲಿ ಆ ಏಳು ಜೋಡಿಗಳಲ್ಲಿ ಪ್ರತಿಯೊಂದೂ ಹನ್ನೆರಡು ಮರಿ ಹಾಕುತ್ತದೆ, ಒಟ್ಟು 98. ಹೀಗೆ ತಿಂಗಳಿಗೆ ಏಳು ಪಟ್ಟಾಗುತ್ತ ಹೋದರೆ ಡಿಸೆಂಬರ್ ಕೊನೆಗೆ ಎಷ್ಟು? ಎರಡನ್ನು ಹನ್ನೆರಡು ಸಲ ಏಳರಿಂದ ಗುಣಿಸಿದರೆ ಬರುವ ಉತ್ತರ 27682574402. ಪೆನ್ಸಿಲಿನ ಗೆರೆ ಎಳೆಯಿರಿ: 276, 8257, 4402. ಅಂದರೆ ‘ನಿಹ್ಯಕು ನನಜೂರೊಕು ಒಕು, ಹಸ್ಸೆನ್ ನಿಹ್ಯಕು ಗೊಜೂನನ ಮನ್, ಯೊನ್‌ಸೆನ್ ಯೊನ್‌ಹ್ಯಕು ನಿ’. ನಮ್ಮ ಲೆಕ್ಕದಲ್ಲಿ 2768 ಕೋಟಿ 25 ಲಕ್ಷದ 74 ಸಾವಿರದ 402 ಇಲಿಗಳು.

ಪುಸ್ತಕದ ಹೆಸರಿನಲ್ಲಿರುವ ‘ಜಿನ್’ ಎಂದರೆ ಧೂಳು. ‘ಕೋ’ ಎಂಬುದು ಸಂಸ್ಕೃತದ ‘ಕಲ್ಪ’ ಶಬ್ದ ಚೀನೀ ಬೌದ್ಧ ಗ್ರಂಥಗಳ ಮೂಲಕ ಸಾಗಿ ಪಡೆದ ರೂಪ. ಪಟ್ಟಿಯ ತುದಿಯ ಹೆಸರುಗಳೂ ಅದೇ ದಾರಿಯಲ್ಲಿ ಬಂದವು. ಚೀನಾದ ಗಣಿತಜ್ಞ ಝು ಷಿಜಿಯೆ 1299ರಲ್ಲೇ ಅವುಗಳನ್ನು ಸಂಖ್ಯೆಗಳ ಸಾಲಿಗೆ ಸೇರಿಸಿದ್ದ. ಒಂದರ ಮುಂದೆ 52 ಸೊನ್ನೆಗಳಿದ್ದರೆ ‘ಗೋಗಶ’, ಅಂದರೆ ಗಂಗಾನದಿಯ ಮರಳು. ಬುದ್ಧನ ಉಪದೇಶಗಳಲ್ಲಿ ಎಣಿಕೆಗೆ ಸಿಗದ್ದನ್ನು ಹೇಳಲು ಮತ್ತೆ ಮತ್ತೆ ಬರುವ ಹೋಲಿಕೆ ಅದು. 56 ಸೊನ್ನೆಗಳಿದ್ದರೆ ‘ಅಸೋಗಿ’, ನಾವು ದಿನವೂ ಆಡುವ ‘ಅಸಂಖ್ಯ’ ಶಬ್ದದ ಒಡಹುಟ್ಟು. 60 ಸೊನ್ನೆಗಳ ‘ನಯುತ’ ಸಂಸ್ಕೃತದಲ್ಲಿದ್ದಂತೆಯೇ ಇದೆ. ಆಮೇಲಿನದು 64 ಸೊನ್ನೆಗಳ ‘ಫುಕಶಿಗಿ’, ಅಂದರೆ ಅಚಿಂತ್ಯ. ಕೊನೆಯದು 68 ಸೊನ್ನೆಗಳ ‘ಮುರ್ಯೋತೈಸೂ’. ಇಷ್ಟು ಎತ್ತರದಲ್ಲೂ ನಿಯಮ ಬದಲಾಗುವುದಿಲ್ಲ: ಹತ್ತು ಸಾವಿರ ಮನ್ ಹೇಗೆ ಒಂದು ಒಕುವೋ ಹಾಗೆಯೇ ಹತ್ತು ಸಾವಿರ ಗೋಗಶ ಒಂದು ಅಸೋಗಿ. ಫುಕಶಿಗಿಯ ಮೊಟಕು ರೂಪವಾದ ‘ಫುಶಿಗಿ’ ಮಾತ್ರ ಗಣಿತದಾಚೆಗೂ ಬದುಕಿದೆ. ಜಪಾನಿನ ಮಕ್ಕಳು ವಿಚಿತ್ರವಾದದ್ದೇನನ್ನಾದರೂ ಕಂಡಾಗ ಬಾಯಿಬಿಟ್ಟು ಹೇಳುವ ಮಾತು ಅದೇ.