ನರ್ಸಿಂಗ್ ಓದದೆ ಮನೆಯಲ್ಲಿ ರೋಗಿ ನೋಡಿಕೊಳ್ಳುವ ಕೆಲಸ ಮಾಡಬಹುದೇ?

ಪ್ರಶ್ನೆ: ನಮ್ಮೂರು ಗದಗ ಹತ್ರ ಐತ್ರಿ. ಎಸ್ಸೆಸ್ಸೆಲ್ಸಿ ಆಗೈತಿ, ಮುಂದ ಓದಾಕ ಆಗಲಿಲ್ಲ. ಹುಬ್ಬಳ್ಯಾಗ ವಯಸ್ಸಾದವರನ್ನ, ಹಾಸಿಗಿ ಹಿಡದವರನ್ನ ನೋಡ್ಕೊಳ್ಳೋ ಕೆಲಸ ಸಿಗತೈತಿ ಅಂತಾರ. ನರ್ಸಿಂಗ್ ಮಾಡದನ ಸೇರಬಹುದೇನ್ರಿ? ಯಾವ ಟ್ರೇನಿಂಗ್ ತಗೋಬೇಕು?

ಉತ್ತರ: ಸೇರಬಹುದು, ಆದರೆ ನರ್ಸ್ ಆಗಿ ಅಲ್ಲ, ಆರೈಕೆ ಸಹಾಯಕಿಯಾಗಿ. ನರ್ಸ್ ಆಗಬೇಕಾದರೆ ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ ಅಥವಾ ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ ಓದಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ‘ಆರು ತಿಂಗಳಲ್ಲಿ ನರ್ಸ್’ ಎಂಬ ಬೋರ್ಡ್ ಕಂಡರೆ ಒಳಗೆ ಹೋಗಿ ವಿಚಾರಿಸುವ ಗೋಜೂ ಬೇಡ.

ನಿಮಗೆ ಹೊಂದುವ ಕೋರ್ಸ್ ಎರಡು. ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಆಸ್ಪತ್ರೆ ವಾರ್ಡಿನ ಕೆಲಸಕ್ಕೆ, ‘ಹೋಮ್ ಹೆಲ್ತ್ ಏಡ್’ ಮನೆ ಆರೈಕೆಗೆ. ಎರಡಕ್ಕೂ ಪಠ್ಯ ರೂಪಿಸಿರುವುದು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್. ಕೆಲವು ತಿಂಗಳ ತರಬೇತಿ, ಕೊನೆಗೆ ಪರೀಕ್ಷೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಬ್ಯಾಚ್ ನಡೆಯುತ್ತಿದ್ದರೆ ಫೀ ಇರುವುದಿಲ್ಲ. ಬ್ಯಾಚ್‌ಗಳು ಬರುತ್ತವೆ, ನಿಲ್ಲುತ್ತವೆ. ಹಾಗಾಗಿ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲೋ ‘ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್’ ಎಂಬ ಸರ್ಕಾರಿ ವೆಬ್‌ಸೈಟಿನಲ್ಲೋ ಈಗ ಏನಿದೆ ಎಂದು ನೋಡಿಯೇ ಹೊರಡಿ.

ಸೇರುವ ಮೊದಲು ಮುಖ್ಯವಾಗಿ ಒಂದು ಮಾತು ಕೇಳಿ: ‘ವಾರ್ಡಿನಲ್ಲಿ ಪ್ರಾಕ್ಟಿಕಲ್ ಎಲ್ಲಿ, ಎಷ್ಟು ದಿನ?’ ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದಲ್ಲಿ ಎಸ್‌ಡಿಎಂ, ಗದಗ ಮತ್ತು ಹಾವೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಇಷ್ಟಿದ್ದೂ ‘ಆಸ್ಪತ್ರೆ ಸಿಗಲಿಲ್ಲ’ ಎನ್ನುವ ಕೇಂದ್ರದಲ್ಲಿ ಪುಸ್ತಕ ಓದಿಸಿ ಸರ್ಟಿಫಿಕೇಟ್ ಕೊಡುತ್ತಾರೆ ಅಷ್ಟೇ. ಈ ಕೆಲಸ ಕೈಗೆ ಹತ್ತಬೇಕು.

ಯಾಕೆಂದು ತಿಳಿಯಲು ಮಗ್ಗುಲು ಬದಲಿಸುವುದನ್ನೇ ನೋಡಿ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಎಂಬಲ್ಲಿ ತಪ್ಪಾಗುತ್ತದೆ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಚಪ್ಪೆಯ ಮೂಳೆಯ ಮೇಲೆ ಬೀಳುತ್ತದೆ, ಹುಣ್ಣು ಅಲ್ಲೇ ಏಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಮೇಲಕ್ಕೆ ಸರಿಸುವಾಗ ತೋಳು ಹಿಡಿದು ಜಗ್ಗಬೇಡಿ, ಬೆನ್ನಿನ ಚರ್ಮ ಹರಿಯುತ್ತದೆ. ಭುಜದಿಂದ ತೊಡೆಯವರೆಗೆ ಮಡಚಿದ ಚಾದರ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಕಡೆ ರೂಢಿ, ಅದು ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಏರ್ ಬೆಡ್ ತಂದರೂ ಹೊರಳಿಸುವುದು ತಪ್ಪದು. ಕರೆಂಟ್ ಹೋದರಂತೂ ಅದು ಬರೀ ಪ್ಲಾಸ್ಟಿಕ್ ಹಾಳೆ.

ಲಕ್ವಾ ಹೊಡೆದವರಿಗೆ ಅಂಗಿ ತೊಡಿಸುವಾಗ ಬಲವಿಲ್ಲದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ವೀಲ್‌ಚೇರಿಗೆ ಕೂಡಿಸುವಾಗ ಕುರ್ಚಿ ಬಲ ಇರುವ ಕಡೆ, ಮಂಚಕ್ಕೆ ಒತ್ತಿ, ತುಸು ಓರೆಯಾಗಿರಲಿ. ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮೇಲಕ್ಕೆತ್ತಿ, ರೋಗಿಯನ್ನು ಮಂಚದ ಅಂಚಿಗೆ ಒಂದೆರಡು ನಿಮಿಷ ಕೂಡಿಸಿ. ಒಮ್ಮೆಲೇ ಎಬ್ಬಿಸಿದರೆ ಬಿಪಿ ಇಳಿದು ತಲೆ ತಿರುಗುತ್ತದೆ. ಕಂಕುಳಕ್ಕೆ ಕೈ ಹಾಕಿ ಎತ್ತಿದರೆ ಸೋತ ಭುಜ ಜಾರುತ್ತದೆ, ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಮನೆಯ ಮಂಚ ತಗ್ಗಾಗಿದ್ದರೆ ಕಾಲುಗಳಿಗೆ ಅಲುಗದ ಕಟ್ಟಿಗೆ ದಿಮ್ಮಿ ಕೊಡಿಸಿ ಎತ್ತರ ಮಾಡಿಸಿ. ಇಲ್ಲವಾದರೆ ಸ್ವಲ್ಪ ದಿನದಲ್ಲೇ ನಿಮ್ಮ ನಡ ಹಿಡಿಯುತ್ತದೆ. ಆದರೆ ತಾನಾಗಿ ಎದ್ದಿಳಿಯುವ ರೋಗಿಗೆ ಮಂಚ ತಗ್ಗಾಗಿರುವುದೇ ಒಳ್ಳೆಯದು.

ಮೂಗಿನ ನಳಿಗೆಯಲ್ಲಿ ಊಟ ಕೊಡುವುದನ್ನು ನರ್ಸ್ ಎದುರು ಮಾಡಿ ತೋರಿಸಿ ಒಪ್ಪಿಗೆ ಪಡೆದ ಮೇಲಷ್ಟೇ ಮಾಡಿ. ಮೊದಲು ಮೂಗಿನ ಹತ್ತಿರದ ಗುರುತು ಸರಿದಿಲ್ಲವೇ ನೋಡಿ, ಸರಿದಿದ್ದರೆ ಏನೂ ಹಾಕದೆ ನರ್ಸಿಗೆ ತಿಳಿಸಿ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರವಿರಬೇಕು. ಅಂಬಲಿಯನ್ನು ಸೋಸಿಯೇ ಹಾಕಿ, ಗಂಟು ನಳಿಗೆಯಲ್ಲಿ ಕಟ್ಟಿಕೊಳ್ಳುತ್ತದೆ. ಸಿರಿಂಜ್ ಒತ್ತಬೇಡಿ, ಎತ್ತಿ ಹಿಡಿದರೆ ತಾನೇ ಇಳಿಯುತ್ತದೆ. ಕೊನೆಗೆ ಸುಮಾರು 30 ಎಂಎಲ್ ನೀರು ಬಿಡಿ, ಆಮೇಲೆ ಅರ್ಧ ತಾಸಾದರೂ ಮಲಗಿಸಬೇಡಿ. ಕೆಮ್ಮು, ಏದುಸಿರು ಬಂದರೆ ಕೂಡಲೇ ನಿಲ್ಲಿಸಿ.

ಮೂತ್ರದ ಚೀಲ ಸದಾ ರೋಗಿಯ ಹೊಟ್ಟೆಗಿಂತ ಕೆಳಗಿರಲಿ, ನೆಲಕ್ಕೆ ಮಾತ್ರ ತಾಗದಿರಲಿ. ಸೋಪು ಹಚ್ಚಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ, ಬಕೆಟ್ಟಿನಲ್ಲಿ ಕೈ ಅದ್ದಿ ತೊಳೆಯುತ್ತಾರೆ. ಹಾಗಲ್ಲ, ತಂಬಿಗೆಯಿಂದ ಯಾರಾದರೂ ನೀರು ಹಾಕಲಿ.

ಇಂಜೆಕ್ಷನ್, ಸಲೈನ್, ಮೂಗಿನ ನಳಿಗೆ ಇಲ್ಲವೇ ಕ್ಯಾತಿಟರ್ (ಮೂತ್ರದ ನಳಿಗೆ) ಹಾಕುವುದು, ಗುಳಿಗೆಯ ಪ್ರಮಾಣ ಬದಲಿಸುವುದು ನಿಮ್ಮ ಕೆಲಸವಲ್ಲ. ‘ಒಂದ್ ಸೂಜಿ ಚುಚ್ಚವಾ, ಏನಾಗತೈತಿ’ ಎಂದು ಮನೆಯವರು ಒತ್ತಾಯ ಮಾಡುತ್ತಾರೆ. ಹೆಚ್ಚುಕಡಿಮೆಯಾದರೆ ತಲೆಗೆ ಬರುವುದು ನಿಮಗೇ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ 108ಕ್ಕೆ ಫೋನ್ ಮಾಡಿ, ಶುರುವಾದ ಸಮಯ ಬರೆದಿಡಿ. ಸ್ಟ್ರೋಕ್ ಚಿಕಿತ್ಸೆಗೆ ಡಾಕ್ಟರು ಮೊದಲು ಕೇಳುವುದೇ ಅದನ್ನು.

ವಾರ್ಡಿಗೆ ಕಾಲಿಡುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸ್: ಈಗೊಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು.

ಏಜೆನ್ಸಿ ಮೂಲಕ ಸೇರುವುದಾದರೆ 12 ತಾಸಿನ ಪಾಳಿಯೋ 24 ತಾಸೋ, ವಾರದ ರಜೆ ಯಾವತ್ತು, ಪಗಾರದಲ್ಲಿ ಅವರ ಕಮಿಷನ್ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಅಂಕಪಟ್ಟಿಯ ಅಸಲು ಪ್ರತಿ ಅವರ ಕೈಗೆ ಕೊಡಬೇಡಿ, ಜೆರಾಕ್ಸ್ ಸಾಕು. ಇದೇ ಸರ್ಟಿಫಿಕೇಟಿನ ಮೇಲೆ ಕೆನಡಾಕ್ಕೆ ಕಳಿಸುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ. ಅಲ್ಲಿನ ‘ಪರ್ಸನಲ್ ಸಪೋರ್ಟ್ ವರ್ಕರ್’ ಕೋರ್ಸೇ ಬೇರೆ, ನಿಯಮವೂ ಪ್ರಾಂತ್ಯಕ್ಕೊಂದು.